ಮೇಲಿನ ಮನೆಗಳ ಜಗಳ ಸಾಕು, ಕೆಳಗಿನ ಅಂಗಡಿಗಳ ಬಗ್ಗೆ ಮಾತಾಡೋಣ: ಕ್ಯಾಲಿಫೋರ್ನಿಯಾದ ಕೂಪರ್ಟಿನೊ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಆತ್ಮೀಯ ನೆರೆಹೊರೆಯವರೇ,

ನಮಸ್ಕಾರ. ಸಿಟಿ ಕೌನ್ಸಿಲ್‌ಗೆ ಬರೆಯಬೇಕಾದ್ದನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದೇನೆ. ಇದು ನಿಮಗೆ. ನಮ್ಮ ನಮ್ಮಲ್ಲೇ ಬಿಚ್ಚಿ ಮಾತಾಡಬೇಕಾದ ವಿಷಯ ಆದ್ದರಿಂದ ಕನ್ನಡದಲ್ಲೇ ಇರಲಿ ಅನ್ನಿಸಿತು.

ನಮ್ಮ ಮೂಲೆಯ ಹಳೇ ಅಂಗಡಿ ಸಾಲಿನ ಮುಂದೆ ದೊಡ್ಡ ಬೋರ್ಡು ನಿಂತಿರುವುದನ್ನು ನೀವೆಲ್ಲ ನೋಡಿದ್ದೀರಿ. ಒಂದೇ ಅಂತಸ್ತಿನ ಆ ಕಟ್ಟಡವನ್ನು ಕೆಡವಿ, ನೆಲಮಟ್ಟದಲ್ಲಿ ಅಂಗಡಿ, ಅದರ ಮೇಲೆ ಐದು ಅಂತಸ್ತು ಮನೆ ಕಟ್ಟುತ್ತಾರಂತೆ. ಬೋರ್ಡು ಬಂದ ದಿನದಿಂದ ಹಬ್ಬದ ಊಟವಿರಲಿ, ಮೆಮೋರಿಯಲ್ ಪಾರ್ಕಿನ ಸಂಜೆ ವಾಕಿಂಗ್ ಇರಲಿ, ಇದೊಂದೇ ಮಾತು. ಟ್ರಾಫಿಕ್ ಜಾಸ್ತಿ ಆಗುತ್ತೆ. ಸ್ಕೂಲು ತುಂಬಿಹೋಗುತ್ತೆ. ನಮ್ಮ ಹಿತ್ತಲು ಅವರ ಬಾಲ್ಕನಿಗೆ ಕಾಣುತ್ತೆ. ಒಬ್ಬರಂತೂ, "ಇದು ಇನ್ನೊಂದು ಬೆಂಗಳೂರು ಆಗುತ್ತೆ ನೋಡಿ" ಅಂದರು. ಹಾಗಂದವರು ಹುಟ್ಟಿ ಬೆಳೆದದ್ದು ಬಸವನಗುಡಿಯಲ್ಲಿ, ಬಿಡಿ.

ಯಾರೂ ಅಂಗಡಿಯವರ ಬಗ್ಗೆ ಮಾತಾಡಲಿಲ್ಲ. ನನ್ನ ತಕರಾರು ಅಷ್ಟೇ. ಇಪ್ಪತ್ತು ವರ್ಷ ನಮಗೆ ಕರಿಬೇವು, ರಾಗಿ ಹಿಟ್ಟು, ಫ್ರೋಜನ್ ಅವರೆಕಾಳು ಕೊಟ್ಟ ಅಂಗಡಿ ಎಲ್ಲಿ ಹೋಗುತ್ತದೆ ಅಂತ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ನಾನೂ ಮೊದಲ ವಾರ ಕೇಳಲಿಲ್ಲ.

ಕೇಳುವ ಹಾಗೆ ಮಾಡಿದ್ದು ಅಮ್ಮ.

ನಮ್ಮಮ್ಮ ತುಮಕೂರಿನಿಂದ ಇಲ್ಲಿಗೆ ಬಂದಾಗಲೆಲ್ಲ ಆರು ತಿಂಗಳು ಇರುತ್ತಾರೆ. ನಿಮ್ಮ ಮನೆಗೂ ಅಪ್ಪ ಅಮ್ಮ, ಅತ್ತೆ ಮಾವ ಹೀಗೇ ಬಂದು ಹೋಗುತ್ತಾರೆ, ಅಲ್ವಾ? ನಾವು ಬೆಳಿಗ್ಗೆ ಎಂಟಕ್ಕೆ ಹೊರಟರೆ ಬರುವುದು ಸಂಜೆ ಆರಕ್ಕೆ. ಅಲ್ಲಿಯವರೆಗೆ ಅವರಿಗೆ ಟಿವಿ, ಕಿಟಕಿ, ಮತ್ತೆ ಟಿವಿ. ಕಾರು ಓಡಿಸಲು ಬರುವುದಿಲ್ಲ. ಬಸ್ಸಿಗೆ ಕಾಯುವ ಧೈರ್ಯ ಇಲ್ಲ. ಮೊದಲ ಸಲ ಬಂದಾಗ ಹದಿನೈದೇ ದಿನಕ್ಕೆ, "ವಾಪಸ್ ಹೋಗೋ ಟಿಕೆಟ್ ಬೇಗ ಮಾಡಿಸಿಬಿಡೋ" ಅಂದಿದ್ದರು. ಆಮೇಲೆ ಈ ಅಂಗಡಿ ಸಾಲು ಅವರ ಕಣ್ಣಿಗೆ ಬಿತ್ತು. ಮನೆಯಿಂದ ಏಳೆಂಟು ನಿಮಿಷದ ನಡಿಗೆ, ದಾಟುವುದಕ್ಕೆ ಒಂದೇ ಸಿಗ್ನಲ್.

ಈಗ ಅವರಿಗೆ ಅದೇ ಊರು. ದಿನಾ ಹತ್ತು ಗಂಟೆಗೆ ಚೀಲ ಹಿಡಿದು ಹೊರಡುತ್ತಾರೆ. ಬೇಕಾಗಿರುವುದು ಒಂದು ಕಟ್ಟು ಕೊತ್ತಂಬರಿ. ವಾರಕ್ಕಾಗುವಷ್ಟು ನಾನೇ ಒಂದೇ ಸಲ ತಂದುಕೊಡುತ್ತೇನೆ ಅಂದರೆ ಕೋಪ ಬರುತ್ತದೆ. ಇಂಡಿಯನ್ ಸ್ಟೋರಿನ ಗುಜರಾತಿ ಭಾಯ್ ಜೊತೆ ಅರ್ಧ ಹಿಂದಿ, ಅರ್ಧ ಸನ್ನೆಯಲ್ಲಿ ಮಾತು. ಪಕ್ಕದಲ್ಲಿ ಕಾಂಬೋಡಿಯಾದ ದಂಪತಿಯ ಡೋನಟ್ ಅಂಗಡಿ. ಅದರ ಹೊರಗೆ ಎರಡು ಕುರ್ಚಿ ಇವೆ. ಅಲ್ಲಿ ಒಬ್ಬ ಚೀನೀ ಅಜ್ಜಿ ಕೂತಿರುತ್ತಾರೆ. ಅವರಿಗೆ ಕನ್ನಡ ಬಾರದು, ಇವರಿಗೆ ಮ್ಯಾಂಡರಿನ್ ಬಾರದು, ಇಂಗ್ಲಿಷ್ ಇಬ್ಬರಿಗೂ ಅಷ್ಟಕ್ಕಷ್ಟೆ. ಆದರೂ ಮೊಮ್ಮಕ್ಕಳ ಫೋಟೊ ತೋರಿಸಿಕೊಂಡು ಮುಕ್ಕಾಲು ಗಂಟೆ ಕೂರುತ್ತಾರೆ. ಏನು ಮಾತಾಡಿಕೊಳ್ಳುತ್ತಾರೋ ನನಗೆ ಇವತ್ತಿಗೂ ತಿಳಿದಿಲ್ಲ. ಅದರಾಚೆಗೆ ಹುಬ್ಬು ತಿದ್ದುವವರು, ಟ್ಯಾಕ್ಸ್ ಬರೆದುಕೊಡುವವರು, ಬಟ್ಟೆ ಒಗೆಯುವ ಮೆಷಿನ್ನುಗಳ ಅಂಗಡಿ. ಹಿಂದಿನ ರೂಮಿನಲ್ಲಿ ಭರತನಾಟ್ಯದ ಕ್ಲಾಸು. ನೋಡಲು ಚೆಂದವಿಲ್ಲ, ಒಪ್ಪುತ್ತೇನೆ. ಟಾರು ಬಿರುಕು ಬಿಟ್ಟಿದೆ. ಬೋರ್ಡುಗಳ ಅರ್ಧ ಅಕ್ಷರಕ್ಕೆ ದೀಪವಿಲ್ಲ.

ಬೋರ್ಡಿನಲ್ಲಿ ಏನು ಬರೆದಿದೆ ಅಂತ ಅಮ್ಮ ಕೇಳಿದರು. ಹೇಳಿದೆ. "ಕೆಳಗೆ ಅಂಗಡಿ, ಮೇಲೆ ಮನೆ. ಅಂದ್ರೆ ನಮ್ಮ ತುಮಕೂರಿನ ಮಂಡಿಪೇಟೆ ಥರ. ಒಳ್ಳೇದೇ ಆಯ್ತಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹಾಗಾದ್ರೆ ಭಾಯ್ ಅಂಗಡಿ ಅಲ್ಲೇ ಕೆಳಗೆ ಇರುತ್ತಾ?" ಅಂತ ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಭಾಯ್ ಅವರನ್ನೇ ಹೋಗಿ ಕೇಳಿದೆ. ಅವರ ಲೀಸು ಮುಗಿದು ಎರಡು ವರ್ಷವಾಗಿದೆ. ಈಗ ತಿಂಗಳಿಂದ ತಿಂಗಳಿಗೆ ನಡೆಯುತ್ತಿದೆ. ಖಾಲಿ ಮಾಡಿ ಅಂದರೆ ಮಾಡಬೇಕು. "ಇಲ್ಲಿವರೆಗೆ ಯಾರೂ ನಮ್ಮನ್ನ ಏನೂ ಕೇಳಿಲ್ಲ. ನೀವೇ ಮೊದಲು" ಅಂದರು. ನನಗೆ ನಾಚಿಕೆಯಾಯಿತು.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ನಾವು ಇಂಥದ್ದೊಂದು ಜಗಳ ಆಡಿ ಮುಗಿಸಿದ್ದೇವೆ. ಮುಗಿಸಿದ್ದೇವೆ ಅನ್ನುವುದೂ ತಪ್ಪೇ.

ನಮ್ಮೂರಿನ ವಾಲ್ಕೊ ಮಾಲ್ ಶುರುವಾದದ್ದು 1976ರಲ್ಲಿ. ನಾನು 1998ರಲ್ಲಿ ಬಂದಾಗ ಅದಿನ್ನೂ ಉಸಿರಾಡುತ್ತಿತ್ತು. ನಮ್ಮ ಮಕ್ಕಳು ಐಸ್ ಮೇಲೆ ಜಾರುವುದನ್ನು ಕಲಿತದ್ದು ಅಲ್ಲೇ. 2014ರಲ್ಲಿ ಹೊಸ ಮಾಲೀಕರು ಬಂದರು. 2016ರ ನವೆಂಬರ್ ಚುನಾವಣೆಯಲ್ಲಿ ಅದರ ಬಗ್ಗೆ ಎರಡು ಪ್ರಶ್ನೆ ಬ್ಯಾಲೆಟ್‌ನಲ್ಲಿದ್ದವು. ಒಂದು, ಬೆಳವಣಿಗೆಗೆ ಕಡಿವಾಣ ಹಾಕುವ ಮೆಷರ್ ಸಿ. ಇನ್ನೊಂದು, 30 ಎಕರೆ ಹಸಿರು ಚಾವಣಿಯ ದೊಡ್ಡ ಯೋಜನೆಗೆ ಒಪ್ಪಿಗೆ ಕೇಳಿದ ಮೆಷರ್ ಡಿ. ಎರಡೂ ಸೋತವು. ನಾನು ಎರಡಕ್ಕೂ ಬೇಡ ಅಂತ ಒತ್ತಿದವನು. ಆವತ್ತು ಏನೋ ಗೆದ್ದ ಹಾಗೆ ಅನ್ನಿಸಿತ್ತು.

ಮರುವರ್ಷ ಕ್ಯಾಲಿಫೋರ್ನಿಯಾ ರಾಜ್ಯ ಸರ್ಕಾರ ಎಸ್‌ಬಿ 35 ಅನ್ನುವ ಕಾನೂನು ತಂದಿತು. ಮನೆ ಕಟ್ಟುವ ಗುರಿ ಮುಟ್ಟದ ಊರುಗಳಲ್ಲಿ, ನಿಯಮಕ್ಕೆ ಸರಿಹೊಂದುವ ಯೋಜನೆಯನ್ನು ಸಿಟಿ ತಡೆಯುವ ಹಾಗಿಲ್ಲ ಅಂತ. 2018ರಲ್ಲಿ ಅದೇ ದಾರಿಯಲ್ಲಿ ವಾಲ್ಕೊ ಯೋಜನೆ ಮತ್ತೆ ಬಂತು. 2,402 ಮನೆ, ಅದರಲ್ಲಿ ಅರ್ಧ ಕಡಿಮೆ ಆದಾಯದವರಿಗೆ, ಜೊತೆಗೆ 18 ಲಕ್ಷ ಚದರಡಿ ಆಫೀಸು, 4 ಲಕ್ಷ ಚದರಡಿ ಅಂಗಡಿ. ಸೆಪ್ಟೆಂಬರಿನಲ್ಲಿ ಒಪ್ಪಿಗೆ, ಅಕ್ಟೋಬರಿನಲ್ಲಿ ಕೆಡವಲು ಶುರು. ಒಂದು ಗುಂಪು ಕೋರ್ಟಿಗೆ ಹೋಯಿತು. 2020ರ ಮೇ ತಿಂಗಳಲ್ಲಿ ತೀರ್ಪು ಯೋಜನೆಯ ಪರ ಬಂತು. ಆಮೇಲೂ ವರ್ಷಗಟ್ಟಲೆ ಅಲ್ಲಿ ನಾವು ಕಂಡದ್ದು ಬೇಲಿ ಮತ್ತು ಮಣ್ಣು. 2024ರಲ್ಲಿ ಬದಲಾದ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಈಗ 2,669 ಮನೆ. ಕಡಿಮೆ ಆದಾಯದವರಿಗೆ 890, ಅಂದರೆ ಮೂರರಲ್ಲಿ ಒಂದು. ಅಂಗಡಿಗಳ ಪಾಲು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿದೆ.

ನೋಡಿ, ಎಂಟು ವರ್ಷ ಬೇಡ ಬೇಡ ಅಂದು ನಮಗೆ ಸಿಕ್ಕಿದ್ದೇನು? ಮನೆ ಜಾಸ್ತಿಯಾಯಿತು, ಬಡವರ ಪಾಲು ಕಡಿಮೆಯಾಯಿತು, ಅಂಗಡಿ ಕಡಿಮೆಯಾಯಿತು. ಎಲ್ಲ ನಮ್ಮಿಂದಲೇ ಆಯಿತು ಅಂತಲ್ಲ. ಬಡ್ಡಿ ದರ, ಕೋವಿಡ್, ಆಫೀಸಿಗೆ ಬೇಡಿಕೆ ಬಿದ್ದದ್ದು, ಎಲ್ಲ ಸೇರಿದೆ. ಆದರೆ ಮಾತಾಡಲು ಅವಕಾಶ ಇದ್ದಾಗ ನಾವು ಬೇಡ ಅಂದೆವೇ ಹೊರತು ಏನು ಬೇಕು ಅಂತ ಹೇಳಲೇ ಇಲ್ಲ.

ಡಿ ಆಂಜಾ ಕಾಲೇಜಿನ ಎದುರಿನ ಓಕ್ಸ್ ಶಾಪಿಂಗ್ ಸೆಂಟರ್ ನೆನಪಿದೆಯಾ? ದೊಡ್ಡ ಓಕ್ ಮರಗಳು, ಪುಟ್ಟ ಸಿನಿಮಾ ಥಿಯೇಟರು. ಅಲ್ಲಿದ್ದದ್ದು ಸುಮಾರು 70 ಸಾವಿರ ಚದರಡಿ ಅಂಗಡಿ ಜಾಗ. 2020ರಲ್ಲಿ ವೆಸ್ಟ್‌ಪೋರ್ಟ್ ಅನ್ನುವ ಯೋಜನೆಗೆ ಒಪ್ಪಿಗೆ ಸಿಕ್ಕಾಗ ಅದರಲ್ಲಿ 259 ಮನೆ, ಅಂಗಡಿಗೆ ಸುಮಾರು 20 ಸಾವಿರ ಚದರಡಿ. ಹಿರಿಯರಿಗೆ ಅಂತ ಒಳ್ಳೆಯ ಸಂಖ್ಯೆಯ ಮನೆಗಳು ಅದರಲ್ಲಿವೆ. ಅದು ನನಗೆ ಸಂತೋಷದ ವಿಷಯವೇ. ಆದರೆ ಮಿಕ್ಸ್ಡ್ ಯೂಸ್, ಅಂದರೆ ಅಂಗಡಿ ಮನೆ ಎರಡೂ ಒಂದೇ ಕಡೆ, ಅನ್ನುವ ಮಾತಿನಲ್ಲಿ ಮಿಕ್ಸ್ ಆಗುವುದು ಎಷ್ಟು ಅಂತ ಇದರಿಂದ ಗೊತ್ತಾಗುತ್ತದೆ. ಉಪ್ಪಿನಕಾಯಿ ಬಡಿಸಿದಷ್ಟು.

ಹೀಗೆ ಯಾಕಾಗುತ್ತದೆ? ನಾನು ಬಿಲ್ಡರ್ ಅಲ್ಲ. ಆದರೆ ಕಳೆದ ಎರಡು ತಿಂಗಳು ಅಂಗಡಿಯವರ ಜೊತೆ ಕೂತು ಅವರ ಲೆಕ್ಕ ಕೇಳಿದ್ದೇನೆ.

ಹಳೇ ಅಂಗಡಿ ಸಾಲಿನಲ್ಲಿ ಬಾಡಿಗೆ ಕಡಿಮೆ ಇರುವುದು ಮಾಲೀಕರ ದೊಡ್ಡಮನಸ್ಸಿನಿಂದ ಅಲ್ಲ. ಕಟ್ಟಡ ಹಳೆಯದು, ಅದರ ಸಾಲ ತೀರಿ ಎಷ್ಟೋ ಕಾಲವಾಗಿದೆ. ಎರಡನೆಯದು ತೆರಿಗೆ. 1978ರ ಪ್ರಾಪೊಸಿಷನ್ 13 ನಿಮಗೆಲ್ಲ ಗೊತ್ತು, ಯಾಕೆಂದರೆ ನಮ್ಮ ಮನೆ ತೆರಿಗೆ ಹಗುರ ಇರುವುದೂ ಅದರಿಂದಲೇ. ಆಸ್ತಿ ಕೈ ಬದಲಾಗುವವರೆಗೆ ಅಥವಾ ಹೊಸದಾಗಿ ಕಟ್ಟುವವರೆಗೆ, ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ 2 ಪರ್ಸೆಂಟ್‌ಗಿಂತ ಜಾಸ್ತಿ ಏರುವ ಹಾಗಿಲ್ಲ. ಹಳೇ ಅಂಗಡಿ ಸಾಲಿಗೂ ಅದೇ ನಿಯಮ. ಈ ಅಂಗಡಿಗಳ ಲೀಸು ಸಾಮಾನ್ಯವಾಗಿ ಟ್ರಿಪಲ್ ನೆಟ್. ಅಂದರೆ ಬಾಡಿಗೆಯ ಮೇಲೆ ಆಸ್ತಿ ತೆರಿಗೆ, ಇನ್ಶೂರೆನ್ಸ್, ರಿಪೇರಿ ಖರ್ಚು ಎಲ್ಲದರಲ್ಲೂ ಬಾಡಿಗೆದಾರರಿಗೆ ಪಾಲು. ಹೊಸ ಕಟ್ಟಡ ಎದ್ದ ದಿನ ಆ ಕಟ್ಟಡಕ್ಕೆ ಹಿಡಿಯುವ ತೆರಿಗೆಯ ಬೆಲೆ ಇವತ್ತಿನ ಮಾರುಕಟ್ಟೆಗೆ ಹಾರುತ್ತದೆ. ಅದರ ಬಿಲ್ಲು ಬಂದು ಬೀಳುವುದು ಕೊತ್ತಂಬರಿ ಮಾರುವವರ ತಲೆ ಮೇಲೆ.

ಅಷ್ಟೇ ಅಲ್ಲ. ಹೊಸ ಕಟ್ಟಡದ ಅಂಗಡಿ ಜಾಗವನ್ನು ಬರೀ ಗೋಡೆ, ಸಿಮೆಂಟ್ ನೆಲ ಮಾಡಿ ಕೊಡುತ್ತಾರೆ. ಉಳಿದದ್ದೆಲ್ಲ ಬಾಡಿಗೆಗೆ ಬರುವವರ ಖರ್ಚು. ದೋಸೆ ಹೋಟೆಲು ಇಡಬೇಕಾದರೆ ಕಾವಲಿಯ ಹೊಗೆ ಎಳೆಯುವ ಹುಡ್ ಬೇಕು. ಅದರ ಕೊಳವೆ ಐದು ಅಂತಸ್ತು ದಾಟಿ ಚಾವಣಿ ಮುಟ್ಟಬೇಕು. ಕಟ್ಟುವಾಗಲೇ ಅದಕ್ಕೆ ದಾರಿ ಬಿಡದಿದ್ದರೆ, ಆಮೇಲೆ ಯಾರದೋ ಬೆಡ್‌ರೂಮ್ ಮಧ್ಯೆ ತೂತು ಕೊರೆಯಲಾಗುತ್ತದಾ? ಪಾತ್ರೆ ತೊಳೆದ ನೀರಿನ ಜಿಡ್ಡನ್ನು ಹಿಡಿದಿಡುವ ತೊಟ್ಟಿಗೂ ಇದೇ ಕಥೆ. ನಕ್ಷೆಯಲ್ಲಿ ರೆಸ್ಟೋರೆಂಟ್ ಅಂತ ಬಣ್ಣ ಬಳಿದಿರುತ್ತಾರೆ. ಕೊಳವೆಗೆ ಜಾಗವಿರುವುದಿಲ್ಲ. ಕೊನೆಗೆ ಅಲ್ಲಿ ಬರುವುದು ಬ್ಯಾಂಕು, ಜಿಮ್ಮು, ಇಲ್ಲವೇ ಅದೇ ಕಟ್ಟಡದ ಲೀಸಿಂಗ್ ಆಫೀಸು. ಎಷ್ಟೋ ಕಡೆ ಗಾಜಿನ ಮೇಲೆ ಬಾಡಿಗೆಗಿದೆ ಅನ್ನುವ ಸ್ಟಿಕ್ಕರ್ ಬಿಸಿಲಿಗೆ ಬಣ್ಣಗೆಟ್ಟು ಕೂತಿರುತ್ತದೆ. ಎಲ್ ಕಮೀನೊ ರಿಯಲ್ ಉದ್ದಕ್ಕೂ ಒಮ್ಮೆ ನಿಧಾನಕ್ಕೆ ಕಾರು ಓಡಿಸಿ, ನಿಮಗೇ ಕಾಣುತ್ತದೆ.

ನಿಮ್ಮ ಆಕ್ಷೇಪಗಳಿಗೂ ಬರುತ್ತೇನೆ. ಹಿಂದಿನ ಗೋಡೆಗೆ ತಾಗಿಕೊಂಡೇ ಮನೆ ಇರುವವರ ಚಿಂತೆ ನಿಜ. ಬೆಳಕು, ಏಕಾಂತ, ಇವು ಸುಮ್ನೆ ತಳ್ಳಿಹಾಕುವ ಮಾತಲ್ಲ. ಆ ಬದಿಯ ಅಂತಸ್ತುಗಳನ್ನು ಒಳಕ್ಕೆ ಸರಿಸಿ ಅಂತ ಕೇಳಿ, ನಾನೂ ಸಹಿ ಹಾಕುತ್ತೇನೆ. ಆದರೆ ಸ್ಕೂಲು ತುಂಬುತ್ತದೆ ಅನ್ನುವವರಿಗೆ ಒಂದು ಮಾತು. ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ ಮಕ್ಕಳು ಕಡಿಮೆಯಾಗಿ 2022ರಲ್ಲಿ ಎಲಿಮೆಂಟರಿ ಶಾಲೆಗಳನ್ನೇ ಮುಚ್ಚಬೇಕಾಯಿತು. ಬಾಗಿಲು ಹಾಕಿದ ಶಾಲೆಯ ಮುಂದೆ ನಿಂತು ಜಾಗವಿಲ್ಲ ಅಂದರೆ ಯಾರು ನಂಬುತ್ತಾರೆ? ಒಂಟಿ ಮನೆಯ ಬೆಲೆ 25 ಲಕ್ಷ ಡಾಲರ್ ದಾಟಿದ ಊರಿನಲ್ಲಿ ಎಳೆಯ ಮಕ್ಕಳಿರುವ ಸಂಸಾರ ಬರುವುದಾದರೂ ಹೇಗೆ? ನಾವು ಬಂದ ಕಾಲದಲ್ಲಿ ಹೋಮ್‌ಸ್ಟೆಡ್ ರಸ್ತೆಯ ಅಪಾರ್ಟ್‌ಮೆಂಟ್‌ನಲ್ಲಿ ನಾಲ್ಕು ಜನ ಹುಡುಗರು ಒಂದು ಅಡುಗೆಮನೆ ಹಂಚಿಕೊಂಡಿದ್ದೆವು. ಆ ಕಟ್ಟಡಕ್ಕೂ ಯಾರೋ ವಿರೋಧ ಮಾಡಿದ್ದಿರಬೇಕು.

ಇಷ್ಟಕ್ಕೂ ಈ ಊರು 1955ರಲ್ಲಿ ಸಿಟಿಯಾಯಿತು. ಅದಕ್ಕೂ ಮುಂಚೆ ಇಲ್ಲೆಲ್ಲ ಪ್ರೂನ್, ಏಪ್ರಿಕಾಟ್ ತೋಟ. ನಾವು ಈಗ ಹಳೇದು ಅನ್ನುತ್ತಿರುವ ಅಂಗಡಿ ಸಾಲು ತಾನೇ ಒಂದು ತೋಟವನ್ನು ಕಡಿದು ಎದ್ದದ್ದು.

ಇನ್ನು ಕಾನೂನಿನ ಮಾತು. 2023ರಿಂದ 2031ರ ನಡುವೆ ಕೂಪರ್ಟಿನೊ 4,588 ಮನೆಗಳಿಗೆ ಜಾಗ ತೋರಿಸಬೇಕು. ಆ ಯೋಜನೆ ಕೊಡುವುದರಲ್ಲಿ ಸಿಟಿ ತಡಮಾಡಿತು. ರಾಜ್ಯದ ಒಪ್ಪಿಗೆ ಸಿಕ್ಕಿದ್ದು 2024ರ ಸೆಪ್ಟೆಂಬರಿನಲ್ಲಿ. ನಿಯಮ ಪಾಲಿಸುವ ವಸತಿ ಯೋಜನೆಯನ್ನು "ನಮ್ಮ ಬಡಾವಣೆಯ ಸೊಗಸಿಗೆ ಹೊಂದುವುದಿಲ್ಲ" ಅಂತ ತಿರಸ್ಕರಿಸುವ ಅಧಿಕಾರ ಈಗ ಕೌನ್ಸಿಲ್‌ಗೆ ಇಲ್ಲ. ನಾವು ಮೈಕ್ ಮುಂದೆ ನಿಂತು ಮೂರು ನಿಮಿಷ ಟ್ರಾಫಿಕ್ ಬಗ್ಗೆ ಬೈದರೆ ಅವರು ತಲೆ ಅಲ್ಲಾಡಿಸುತ್ತಾರೆ, ಥ್ಯಾಂಕ್ಯೂ ಅನ್ನುತ್ತಾರೆ, ಮುಂದಿನವರನ್ನು ಕರೆಯುತ್ತಾರೆ. ಅದೇ ಮೂರು ನಿಮಿಷವನ್ನು ಅಂಗಡಿಗಳಿಗೆ ಕೊಟ್ಟರೆ ಏನಾದರೂ ಪ್ರಯೋಜನವಿದೆ. ಯಾಕೆಂದರೆ ಬಿಲ್ಡರ್ ಒಪ್ಪಿಕೊಂಡು ಕೊಡಬಹುದಾದದ್ದು ಇನ್ನೂ ಉಳಿದಿರುವುದು ಅಲ್ಲೇ. ಕಡಿಮೆ ಬಾಡಿಗೆಯ ಮನೆ ಕೊಡುವ ಬಿಲ್ಡರ್‌ಗೆ ಡೆನ್ಸಿಟಿ ಬೋನಸ್ ಅನ್ನುವ ರಾಜ್ಯ ಕಾನೂನಿನಲ್ಲಿ ಸಿಟಿಯ ನಿಯಮಗಳಿಂದ ರಿಯಾಯಿತಿ ಕೇಳುವ ಹಕ್ಕಿದೆ. ಅಂಗಡಿ ಜಾಗ ಕಡಿಮೆ ಮಾಡುತ್ತೇವೆ ಅಂತಲೂ ಕೇಳಬಹುದು. ಊರಿನವರಿಗೆ ಅಂಗಡಿ ಬಗ್ಗೆ ಕಾಳಜಿಯೇ ಇಲ್ಲ ಅನ್ನಿಸಿದರೆ ಖಂಡಿತ ಕೇಳುತ್ತಾರೆ.

ಹಾಗಾದರೆ ಏನು ಕೇಳೋಣ? ಎಬಿ 2011 ಅಂತ ಒಂದು ರಾಜ್ಯ ಕಾನೂನಿದೆ. 2022ರಲ್ಲಿ ಆಯಿತು, 2023ರ ಜುಲೈಯಿಂದ ಜಾರಿಯಲ್ಲಿದೆ. ದೊಡ್ಡ ರಸ್ತೆಗಳ ಬದಿಯ ವಾಣಿಜ್ಯ ಜಾಗದಲ್ಲಿ ಮನೆ ಕಟ್ಟುವುದನ್ನು ಸುಲಭ ಮಾಡುವ ಕಾನೂನು. ಅದರೊಳಗೆ ಸಣ್ಣ ಅಂಗಡಿಯವರಿಗೆ ಒಂದು ಅಂಶವಿದೆ, ನಮ್ಮಲ್ಲಿ ಯಾರೂ ಓದಿದ ಹಾಗಿಲ್ಲ. ಜಾಗ ಬಿಡಬೇಕಾದ ಸ್ವತಂತ್ರ ಸಣ್ಣ ವ್ಯಾಪಾರಿಗೆ ಬಿಲ್ಡರ್ ಪರಿಹಾರ ಕೊಡಬೇಕು. ಒಂದರಿಂದ ಐದು ವರ್ಷ ಅಲ್ಲಿದ್ದರೆ ಆರು ತಿಂಗಳ ಬಾಡಿಗೆಯಷ್ಟು. ವರ್ಷ ಹೆಚ್ಚಿದ ಹಾಗೆ ಅದೂ ಏರುತ್ತದೆ, ಇಪ್ಪತ್ತು ವರ್ಷ ದಾಟಿದವರಿಗೆ ಹದಿನೆಂಟು ತಿಂಗಳ ಬಾಡಿಗೆ. ಕೇಳಲು ಚೆನ್ನಾಗಿದೆ. ಆದರೆ ಯೋಜನೆ ಬೇರೆ ಕಾನೂನಿನ ದಾರಿಯಲ್ಲಿ ಬಂದರೆ ಇದು ಅನ್ವಯಿಸುವುದಿಲ್ಲ. ಜೊತೆಗೆ, ವರ್ಷದ ವಹಿವಾಟು ಹತ್ತು ಲಕ್ಷ ಡಾಲರ್ ಒಳಗಿರಬೇಕು ಅನ್ನುವ ಷರತ್ತಿದೆ. ಹುಬ್ಬು ತಿದ್ದುವವರು, ಡೋನಟ್ ಅಂಗಡಿಯವರು ಅದರೊಳಗೆ ಬರಬಹುದು. ದಿನಸಿ ಅಂಗಡಿಗೆ ಅದು ಕಷ್ಟ. ಅಲ್ಲಿ ಹಣ ಕೈ ಬದಲಾಗುವುದು ಜಾಸ್ತಿ, ಉಳಿಯುವುದು ಕಡಿಮೆ. ಆದ್ದರಿಂದ ಯಾವ ಕಾನೂನಿನ ಅಡಿಯಲ್ಲೇ ಬರಲಿ, ಅದೇ ಲೆಕ್ಕದ ಪರಿಹಾರವನ್ನು ಈ ಸಾಲಿನ ಎಲ್ಲ ಅಂಗಡಿಗೂ ಕೊಡಿ ಅಂತ ಕೇಳೋಣ.

ಎರಡನೆಯದಾಗಿ, ವಾಪಸು ಬರುವ ಹಕ್ಕು. ಹೊಸ ಕಟ್ಟಡ ಎದ್ದಾಗ ಮೊದಲ ಅವಕಾಶ ಈಗಿರುವವರಿಗೇ ಸಿಗಲಿ, ಅದು ಬಾಯಿಮಾತಾಗದೆ ಬರಹದಲ್ಲಿರಲಿ. ಜಾಗಗಳು ಸಣ್ಣವಾಗಿರಲಿ. ಐದು ಸಾವಿರ ಚದರಡಿಯ ಒಂದು ಹಾಲ್ ಮಾಡಿದರೆ ಅದು ದೊಡ್ಡ ಕಂಪನಿಗೆ ಮಾತ್ರ ಲಾಯಕ್ಕು. ಅದನ್ನೇ ಐದಾರಾಗಿ ಒಡೆದರೆ ಟ್ಯಾಕ್ಸ್ ಬರೆಯುವವರಿಗೂ ಜಾಗ ಸಿಗುತ್ತದೆ, ಡ್ಯಾನ್ಸ್ ಟೀಚರಿಗೂ ಸಿಗುತ್ತದೆ. ಹೊಗೆ ಕೊಳವೆಗೆ, ಜಿಡ್ಡಿನ ತೊಟ್ಟಿಗೆ ನಕ್ಷೆಯಲ್ಲೇ ದಾರಿ ಇರಲಿ. ಮತ್ತೆ, ಬಾಗಿಲ ಹೊರಗೆ ನೆರಳಿನಲ್ಲಿ ಕೂರಲು ಬೆಂಚು. ಬೆಂಚು ಅಂದಾಗ ನಗಬೇಡಿ. ಎರಡು ಪ್ಲಾಸ್ಟಿಕ್ ಕುರ್ಚಿ ಒಬ್ಬರ ಆರು ತಿಂಗಳನ್ನು ಹೇಗೆ ಬದಲಾಯಿಸಿತು ಅಂತ ನಾನು ನೋಡಿದ್ದೇನೆ.

ಇಷ್ಟು ಕೊಟ್ಟರೆ ಮೇಲೆ ಐದು ಅಂತಸ್ತು ಇರಲಿ, ಆರು ಇರಲಿ, ನನ್ನ ತಕರಾರಿಲ್ಲ. ಮಂಡಿಪೇಟೆಯಲ್ಲಿ ನಮ್ಮ ದೊಡ್ಡಪ್ಪನ ಮನೆ ಬೆಲ್ಲದ ಅಂಗಡಿಯ ಮೇಲಿತ್ತು. ರಾತ್ರಿ ಷಟರ್ ಎಳೆದ ಸದ್ದು ಕೇಳಿದ ಮೇಲೇ ನಮಗೆ ನಿದ್ದೆ. ಬೇಸಿಗೆಯಲ್ಲಿ ಇಡೀ ಮನೆಗೆ ಬೆಲ್ಲದ ವಾಸನೆ, ಜೊತೆಗೆ ಇರುವೆ. ಅದನ್ನು ಯಾರೂ ಮಿಕ್ಸ್ಡ್ ಯೂಸ್ ಅನ್ನಲಿಲ್ಲ. ನಿವೃತ್ತಿಯಾದ ಮೇಲೆ ನಾನೂ ನನ್ನ ಹೆಂಡತಿಯೂ ಈ ದೊಡ್ಡ ಮನೆ ಬಿಟ್ಟು ಅಂಥದ್ದೇ ಒಂದು ಎರಡು ರೂಮಿನ ಮನೆಗೆ ಹೋಗುವ ಮಾತಾಡಿಕೊಂಡಿದ್ದೇವೆ. ಕಣ್ಣು ಮಂಜಾಗಿ ಕಾರಿನ ಕೀ ಮಗಳಿಗೆ ಕೊಟ್ಟ ಮೇಲೆ ನಮಗೂ ಬೇಕಾಗುವುದು ಏಳೆಂಟು ನಿಮಿಷದ ನಡಿಗೆ, ಒಂದು ಕಟ್ಟು ಕೊತ್ತಂಬರಿ.

ಈ ಯೋಜನೆಯ ಬಗ್ಗೆ ಸಿಟಿಯ ಪ್ಲಾನಿಂಗ್ ಕಮಿಷನ್‌ನ ಸಭೆ ಟೊರ್ರೆ ಅವೆನ್ಯೂದಲ್ಲಿ, ಲೈಬ್ರರಿ ಪಕ್ಕದ ಕಮ್ಯುನಿಟಿ ಹಾಲ್‌ನಲ್ಲಿ ನಡೆಯುತ್ತದೆ. ತಾರೀಖು ಬೋರ್ಡಿನ ಮೇಲಿದೆ. ಮನೆಯ ಹಿರಿಯರನ್ನೂ ಕರೆದುಕೊಂಡು ಬನ್ನಿ. ಭಾಯ್ ಒಂದು ಗಂಟೆ ಮುಂಚೆ ಅಂಗಡಿ ಮುಚ್ಚಿ ಬರುತ್ತೇನೆ ಅಂದಿದ್ದಾರೆ. ಡೋನಟ್ ಅಂಗಡಿಯವರನ್ನು ಒಪ್ಪಿಸುವುದು ಇನ್ನೂ ಬಾಕಿ ಇದೆ. ಅವರಿಗೆ ಬೆಳಗಿನ ಜಾವ ಎರಡಕ್ಕೆ ಏಳಬೇಕು, ಪಾಪ. ಅಮ್ಮನೂ ಮಾತಾಡುತ್ತಾರಂತೆ, ಕನ್ನಡದಲ್ಲೇ. ಮೂರು ನಿಮಿಷ ಸಾಲುವುದಿಲ್ಲ ಅಂತ ಈಗಲೇ ತಕರಾರು ತೆಗೆದಿದ್ದಾರೆ. ಪಕ್ಕದಲ್ಲಿ ನಿಂತು ಇಂಗ್ಲಿಷಿಗೆ ಹೇಳುವುದು ನನ್ನ ಕೆಲಸ.

ಇಂತಿ,
ನಿಮ್ಮ ಪಕ್ಕದ ಬೀದಿಯವ